ಪುಶ್ ಮಾಡಿದ ಪ್ರೋಗ್ರಾಂ ಮಷಿನ್‌ವರೆಗೆ: ಗಿಟಿಯಾಗೆ ನಿಮ್ಮ ಸ್ಕ್ರಿಪ್ಟ್ ಜೋಡಿಸುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳ ಸಾಲಿನಲ್ಲೇ ಸಣ್ಣ ಮಷಿನ್ ಶಾಪ್‌ಗಳು ತುಂಬಿವೆ. ಅಂಥದೇ ಒಂದು ಶಾಪ್‌ನ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಒಂದು ವಿಎಂಸಿ, ಅಂದರೆ ಸಿಎನ್‌ಸಿ ಮಿಲ್ಲಿಂಗ್ ಮಷಿನ್. ಪ್ರೋಗ್ರಾಂಗಳೆಲ್ಲ ಮೊದಲು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿದ್ದವು. 'ಫ್ಲೇಂಜ್ ಫೈನಲ್', 'ಫ್ಲೇಂಜ್ ಫೈನಲ್ ಹೊಸದು', 'ಫ್ಲೇಂಜ್ ಇದೇ ಹಾಕು'. ಹೆಸರು ನೋಡಿದರೇ ಕಥೆ ಗೊತ್ತಾಗುತ್ತದೆ, ಅಲ್ವಾ? ಒಂದು ಸಂಜೆ ಸೆಕೆಂಡ್ ಶಿಫ್ಟ್‌ನವರು ಹಳೇ ಫೈಲ್ ಹಾಕಿದರು. ಬೋರ್ 0.4 ಮಿ.ಮೀ. ಜಾಸ್ತಿ ಹೋಯಿತು. ಹದಿನೆಂಟು ಪೀಸ್ ಗುಜರಿ ಸೇರಿದವು. ತಪ್ಪು ಅವರದಲ್ಲ, ನನ್ನದು. ಸರಿಯಾದ ಫೈಲ್ ಯಾವುದು ಅಂತ ನೋಡಿ ತಿಳಿಯುವ ಜಾಗವನ್ನೇ ನಾನು ಮಾಡಿರಲಿಲ್ಲ.

ಈಗ ಪ್ರೋಗ್ರಾಂಗಳು ಶಾಪ್‌ನದೇ ಗಿಟ್ ಸರ್ವರ್‌ನಲ್ಲಿವೆ. ಗಿಟ್ ಅಂದರೆ ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಾಫ್ಟ್‌ವೇರ್: ಉಳಿಸಿದ ಒಂದೊಂದು ಬದಲಾವಣೆ ಕಮಿಟ್, ಅದನ್ನು ಸರ್ವರ್‌ಗೆ ಕಳಿಸುವುದು ಪುಶ್, ಫೈಲ್‌ಗಳೂ ಅವುಗಳ ಇತಿಹಾಸವೂ ಇರುವ ಜಾಗ ರೆಪೊಸಿಟರಿ. ಬದಲಾವಣೆ ಪುಶ್ ಆದ ಕೂಡಲೇ ಒಂದು ಸ್ಕ್ರಿಪ್ಟ್ ಎದ್ದು ಫೈಲ್‌ಗಳನ್ನು ತಪಾಸಣೆ ಮಾಡುತ್ತದೆ. ಸರಿ ಇದ್ದರೆ ಆಪರೇಟರ್‌ಗಳ ಫೋಲ್ಡರ್‌ಗೆ ಹಾಕುತ್ತದೆ, ಇಲ್ಲದಿದ್ದರೆ ಕಮಿಟ್ ಪಕ್ಕ ಕೆಂಪು ಗುರುತು ಇಡುತ್ತದೆ. ಅದನ್ನು ಕಟ್ಟುವ ದಾರಿ ಹೇಳುತ್ತೇನೆ. ನಿಮ್ಮ ಬಳಿ ಇರುವುದು ವೆಬ್‌ಸೈಟ್ ಕೋಡ್ ಆಗಿರಬಹುದು, ಬಿಲ್ಲಿಂಗ್ ಸಾಫ್ಟ್‌ವೇರ್ ಆಗಿರಬಹುದು. ತಪಾಸಣೆಯ ಭಾಗ ಒಂದು ಬಿಟ್ಟರೆ ಉಳಿದದ್ದೆಲ್ಲ ಹೀಗೇ. ಓದಲು ಸಲೀಸಾಗಲಿ ಅಂತ ಸೆಟಿಂಗ್, ಕಮಾಂಡ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು.

ಸರ್ವರ್

ದೊಡ್ಡ ಯಂತ್ರವೇನೂ ಬೇಡ. ಮೂಲೆಯಲ್ಲಿ ಬಿದ್ದಿರುವ 4 ಜಿಬಿ ರ್‍ಯಾಮ್‌ನ ಹಳೇ ಡೆಸ್ಕ್‌ಟಾಪ್ ಸಾಕು. ಡೆಬಿಯನ್ ಲಿನಕ್ಸ್ ಹಾಕಿ, ಯುಪಿಎಸ್‌ಗೆ ಜೋಡಿಸಿ, ರೂಟರ್‌ನಲ್ಲಿ ಅದಕ್ಕೆ ಒಂದೇ ಐಪಿ ಸಿಗುವಂತೆ ಕಟ್ಟಿಹಾಕಿ. ಬಯಾಸ್‌ನಲ್ಲಿ 'ಕರೆಂಟ್ ಬಂದ ಕೂಡಲೇ ಆನ್ ಆಗು' ಅನ್ನುವ ಸೆಟಿಂಗ್ ಇರುತ್ತದೆ, ಅದನ್ನೂ ಹಾಕಿಬಿಡಿ. ಮಳೆಗಾಲದ ಬೆಳಗಾವಿಯಲ್ಲಿ ಇದನ್ನು ಮರೆತರೆ ದಿನಾ ಬೆಳಿಗ್ಗೆ ನಿಮಗೇ ಫೋನ್ ಬರುತ್ತದೆ.

ಸಾಫ್ಟ್‌ವೇರ್‌ಗೆ ನನ್ನ ಆಯ್ಕೆ ಗಿಟಿಯಾ, ಗಿಟ್ ರೆಪೊಸಿಟರಿಗಳನ್ನು ನಮ್ಮದೇ ಸರ್ವರ್‌ನಲ್ಲಿಟ್ಟು ಬ್ರೌಸರ್‌ನಲ್ಲಿ ತೋರಿಸುವಂಥದು. 2016ರಲ್ಲಿ ಗಾಗ್ಸ್ ಅನ್ನುವ ಅಂಥದೇ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. ಗೋ ಭಾಷೆಯಲ್ಲಿ ಬರೆದ ಒಂದೇ ಫೈಲ್, 3000ನೇ ಪೋರ್ಟ್‌ನಲ್ಲಿ ಓಡುತ್ತದೆ. ಹತ್ತಿಪ್ಪತ್ತು ಜನರಿಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಸಾಕು. 2022ರಲ್ಲಿ ಇದರಿಂದಲೇ ಹುಟ್ಟಿದ ಫೋರ್ಜೆಯೊ ಹಾಕಿಕೊಂಡರೂ ನಡೆಯುತ್ತದೆ, ಅದು ಕೂಡ ಗಿಟಿಯಾ ಹೆಸರಿನ ಹೆಡರ್‌ಗಳನ್ನು ಕಳಿಸುತ್ತದೆ. ಗಿಟ್‌ಲ್ಯಾಬ್ ಒಳ್ಳೆಯದೇ, ಆದರೆ ಈ ಹಳೇ ಪೆಟ್ಟಿಗೆ ಅದರ ಭಾರ ತಡೆಯುವುದಿಲ್ಲ. ಗಿಟಿಯಾವನ್ನು 'ಗಿಟ್' ಅನ್ನುವ ಬೇರೆ ಯೂಸರ್ ಹೆಸರಲ್ಲಿ ಓಡಿಸಿ. ರೂಟ್ ಆಗಿ ಓಡಿಸಲು ಹೋದರೆ ಅದೇ ಒಪ್ಪುವುದಿಲ್ಲ. ಇನ್‌ಸ್ಟಾಲ್ ವಿವರ ಎಲ್ಲ ಕಡೆ ಸಿಗುತ್ತದೆ, ಮುಂದೆ ಹೋಗೋಣ.

ಸ್ಕ್ರಿಪ್ಟ್ ಎಬ್ಬಿಸಲು ಮೂರು ದಾರಿ

ಮೊದಲನೆಯದು ಗಿಟ್ ಹುಕ್. ಸರ್ವರ್‌ನಲ್ಲಿರುವ ರೆಪೊಸಿಟರಿಯ ಒಳಗೇ ಸ್ಕ್ರಿಪ್ಟ್ ಇಡುವುದು. ತುಂಬಾ ನೇರ, ತುಂಬಾ ಅಪಾಯ. ಆ ಸ್ಕ್ರಿಪ್ಟ್ ಗಿಟಿಯಾದ ಯೂಸರ್ ಹಕ್ಕಿನಲ್ಲೇ ಓಡುತ್ತದೆ. ಬ್ರೌಸರ್‌ನಲ್ಲಿ ಹುಕ್ ತಿದ್ದಬಲ್ಲವನ ಕೈಗೆ ಇಡೀ ಸರ್ವರ್ ಕೊಟ್ಟಂತೆ. ಅದಕ್ಕೇ ಗಿಟಿಯಾ ಇದನ್ನು ಮೊದಲಿನಿಂದಲೇ ಬಂದ್ ಮಾಡಿ ಕೊಡುತ್ತದೆ. ಹಾಗೇ ಇರಲಿ.

ಎರಡನೆಯದು ಗಿಟಿಯಾ ಆಕ್ಷನ್ಸ್, ಪುಶ್ ಆದಾಗ ಕೆಲಸ ಓಡಿಸಲು ಗಿಟಿಯಾದಲ್ಲೇ ಇರುವ ವ್ಯವಸ್ಥೆ. 2023ರ ಮಾರ್ಚ್‌ನಲ್ಲಿ 1.19ನೇ ಆವೃತ್ತಿಯ ಜೊತೆ ಬಂತು. ಗಿಟ್‌ಹಬ್ ಆಕ್ಷನ್ಸ್ ಗೊತ್ತಿದ್ದವರಿಗೆ ಮನೆಗೆ ಬಂದ ಹಾಗಿರುತ್ತದೆ. ಆದರೆ ಅದಕ್ಕೆ ಬೇರೆ ರನ್ನರ್ (ಆ ಕೆಲಸ ಓಡಿಸುವ ಪ್ರೋಗ್ರಾಂ) ಬೇಕು, ಸಾಮಾನ್ಯವಾಗಿ ಜೊತೆಗೆ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಕೂಡ. ಹತ್ತಾರು ರೆಪೊಸಿಟರಿ, ದಿನಕ್ಕೆ ಹಲವು ಬಿಲ್ಡ್ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕಿ.

ಮೂರನೆಯದು ವೆಬ್‌ಹುಕ್. ರೆಪೊಸಿಟರಿಯಲ್ಲಿ ಏನಾದರೂ ಆದಾಗ ಗಿಟಿಯಾ ನೀವು ಹೇಳಿದ ವಿಳಾಸಕ್ಕೆ ಒಂದು ಎಚ್‌ಟಿಟಿಪಿ ಸಂದೇಶ ಕಳಿಸುತ್ತದೆ, ಅಷ್ಟೇ. ನಮ್ಮ ಕೆಲಸಕ್ಕೆ ಇದು ಸರಿಹೊಂದಿತು.

ಇಲ್ಲೊಂದು ಮಾತು. ಈ ಲೇಖನದಲ್ಲಿ ಉಳಿದದ್ದೆಲ್ಲ ಮರೆತರೂ ಇದನ್ನು ನೆನಪಿಡಿ: ವೆಬ್‌ಹುಕ್ ಬರೀ ಬಾಗಿಲ ಗಂಟೆ, ಸರಕಲ್ಲ. ಸಂದೇಶದೊಳಗೆ ಬ್ರಾಂಚ್ (ಬದಲಾವಣೆಗಳ ಕವಲು) ಹೆಸರು, ಹಳೇ ಕಮಿಟ್, ಹೊಸ ಕಮಿಟ್, ಬದಲಾದ ಫೈಲ್‌ಗಳ ಪಟ್ಟಿ ಎಲ್ಲ ಇರುತ್ತದೆ. ಅದನ್ನು ನೋಡಿ ಎಲ್ಲರಿಗೂ ಆಸೆಯಾಗುತ್ತದೆ, ನನಗೂ ಆಗಿತ್ತು. ನನ್ನ ಮೊದಲ ಸ್ಕ್ರಿಪ್ಟ್ ಆ ಪಟ್ಟಿ ನೋಡಿ ಅಷ್ಟೇ ಫೈಲ್ ಕಾಪಿ ಮಾಡುತ್ತಿತ್ತು. ಒಂದು ಸಂದೇಶ ತಪ್ಪಿತು, ಫೋಲ್ಡರ್‌ನಲ್ಲಿ ಅರ್ಧ ಹೊಸದು, ಅರ್ಧ ಹಳೇದು. ಈಗಿನ ಸ್ಕ್ರಿಪ್ಟ್ ಸಂದೇಶವನ್ನು ಓದುವುದೇ ಇಲ್ಲ. ಗಂಟೆ ಕೇಳಿದರೆ ಎದ್ದು ಹೋಗಿ ರೆಪೊಸಿಟರಿಯನ್ನೇ ನೋಡುತ್ತದೆ.

ಗಂಟೆ ಕೇಳುವವನು

ಗಂಟೆ ಕೇಳಲು ಒಂದು ಪುಟ್ಟ ಪ್ರೋಗ್ರಾಂ ಬೇಕು. 'ವೆಬ್‌ಹುಕ್' ಅನ್ನುವ ಹೆಸರಿನದೇ ಒಂದು ಸಿದ್ಧ ಗೋ ಪ್ರೋಗ್ರಾಂ ಇದೆ, 9000ನೇ ಪೋರ್ಟ್‌ನಲ್ಲಿ ಓಡುತ್ತದೆ, ಡೆಬಿಯನ್‌ನ ಪ್ಯಾಕೇಜ್‌ಗಳಲ್ಲೇ ಸಿಗುತ್ತದೆ. ಬರೆಯುವ ಉತ್ಸಾಹ ಇದ್ದರೆ ಪೈಥಾನ್‌ನಲ್ಲಿ ಐವತ್ತು ಸಾಲು. ನಾನು ಬರೆದೆ, ಬೇರೆಯವರು ನೋಡಿಕೊಳ್ಳುವಾಗ ಸುಲಭವಾಗಲಿ ಅಂತ.

ಇದಕ್ಕೂ ಬೇರೆ ಯೂಸರ್ ಮಾಡಿ. ಅವನ ಕೈಯಲ್ಲಿ ಯಾವ ಕೀಲಿಯೂ ಇರಬಾರದು. ಒಂದೇ ಒಂದು ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಸಾಕು. ಅದಕ್ಕೆ 'ಸರದಿ' ಅಂತ ಹೆಸರಿಡೋಣ. ಪ್ರೋಗ್ರಾಂ 127.0.0.1ರಲ್ಲಿ, ಅಂದರೆ ಪೆಟ್ಟಿಗೆಯ ಒಳಗಿಂದ ಮಾತ್ರ ತಲುಪುವ ವಿಳಾಸದಲ್ಲಿ, ಮಾತ್ರ ಕಿವಿ ಕೊಡಲಿ. ಗಿಟಿಯಾ ಅದೇ ಪೆಟ್ಟಿಗೆಯಲ್ಲಿ ಇರುವಾಗ ಹೊರಗಿನವರಿಗೆ ಇದು ಕಾಣಬೇಕಾದ ಅಗತ್ಯವಿಲ್ಲ.

ಅದು ಮಾಡಬೇಕಾದದ್ದು ಇಷ್ಟು. ಪೋಸ್ಟ್ ಅಲ್ಲದ ಬೇಡಿಕೆ ಬಂದರೆ ತಳ್ಳಿಹಾಕು. ಸಂದೇಶ ತೀರಾ ದೊಡ್ಡದಿದ್ದರೂ ತಳ್ಳಿಹಾಕು. ಸಹಿ ಪರೀಕ್ಷಿಸು. ಸರಿ ಇದ್ದರೆ ಸರದಿ ಫೋಲ್ಡರ್‌ನಲ್ಲಿ ಒಂದು ಖಾಲಿ ಫೈಲ್ ಹುಟ್ಟಿಸು, ತಕ್ಷಣ 'ಆಯಿತು' ಅಂತ ಉತ್ತರ ಕೊಡು. ಕೆಲಸ ಮುಗಿಸಿ ಆಮೇಲೆ ಉತ್ತರ ಕೊಡೋಣ ಅಂದರೆ ಆಗುವುದಿಲ್ಲ. ಗಿಟಿಯಾ ಮೊದಲಿನ ಸೆಟಿಂಗ್‌ನಲ್ಲಿ 5 ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರೊಳಗೆ ಉತ್ತರ ಬರದಿದ್ದರೆ ಸೋತಿತು ಅಂತ ಬರೆದುಕೊಳ್ಳುತ್ತದೆ.

ಸಹಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಎಡವುವುದು ಇಲ್ಲೇ. ಮೊದಲು 'ಓಪನ್‌ಎಸ್‌ಎಸ್‌ಎಲ್ ರ್‍ಯಾಂಡ್ -ಹೆಕ್ಸ್ 32' ಹೊಡೆದು ಒಂದು ಉದ್ದನೆಯ ಗುಟ್ಟಿನ ಪದ ತಯಾರಿಸಿ. ಅದು ಗಿಟಿಯಾಗೂ ಗೊತ್ತಿರಬೇಕು, ನಿಮ್ಮ ಪ್ರೋಗ್ರಾಂಗೂ ಗೊತ್ತಿರಬೇಕು. ಗಿಟಿಯಾ ಆ ಪದ ಸೇರಿಸಿ ಇಡೀ ಸಂದೇಶಕ್ಕೆ ಎಚ್‌ಮ್ಯಾಕ್ ಎಸ್‌ಎಚ್‌ಎ-256 ಅನ್ನುವ ಲೆಕ್ಕ ಹಾಕಿ, ಬಂದ ಉತ್ತರವನ್ನು (ಅದೇ ಸಹಿ) 'ಎಕ್ಸ್-ಗಿಟಿಯಾ-ಸಿಗ್ನೇಚರ್' ಹೆಡರ್‌ನಲ್ಲಿ ಕಳಿಸುತ್ತದೆ. ನೀವೂ ಅದೇ ಲೆಕ್ಕ ಹಾಕಿ ಎರಡನ್ನೂ ಹೋಲಿಸಬೇಕು.

ಲೆಕ್ಕ ಹಾಕಬೇಕಾದದ್ದು ಬಂದ ಬೈಟ್‌ಗಳ ಮೇಲೆ, ಇದ್ದದ್ದು ಇದ್ದ ಹಾಗೆ. ಜೇಸನ್ (ಸಂದೇಶ ಬರೆದಿರುವ ರೂಪ) ಬಿಡಿಸಿ, ಮತ್ತೆ ಜೇಸನ್ ಮಾಡಿ ಲೆಕ್ಕ ಹಾಕಿದರೆ ಒಂದು ಸ್ಪೇಸ್ ಆಚೀಚೆಯಾಗಿ ಸಹಿ ಕೂಡುವುದೇ ಇಲ್ಲ. ನಾನು ಒಂದು ಭಾನುವಾರ ಪೂರ್ತಿ ಇದರಲ್ಲಿ ಕಳೆದಿದ್ದೇನೆ. ಗಿಟ್‌ಹಬ್ ಶೈಲಿಯ 'ಎಕ್ಸ್-ಹಬ್-ಸಿಗ್ನೇಚರ್-256' ಹೆಡರ್ ಕೂಡ ಬರುತ್ತದೆ. ಅದರಲ್ಲಿ ಮುಂದೆ 'ಎಸ್‌ಎಚ್‌ಎ256=' ಅಂಟಿಕೊಂಡಿರುತ್ತದೆ, ಗಿಟಿಯಾದ್ದರಲ್ಲಿ ಇರುವುದಿಲ್ಲ. ಗಿಟ್‌ಹಬ್‌ಗೆ ಬರೆದ ಕೋಡ್ ತಂದು ಅಂಟಿಸುವವರು ನೋಡಿಕೊಳ್ಳಿ. ಹೋಲಿಸುವಾಗ ಸುಮ್ನೆ ಎರಡು ಸಮ ಚಿಹ್ನೆ ಹಾಕಬೇಡಿ. ಪೈಥಾನ್‌ನಲ್ಲಿ 'ಎಚ್‌ಮ್ಯಾಕ್ ಡಾಟ್ ಕಂಪೇರ್_ಡೈಜೆಸ್ಟ್' ಅಂತಲೇ ಇದೆ. ಉತ್ತರ ಕೊಡಲು ಹಿಡಿದ ಸಮಯ ಅಳೆದು ಸಹಿ ಊಹಿಸುವವರಿಗೆ ಅದು ದಾರಿ ಕೊಡುವುದಿಲ್ಲ.

ಗಿಟಿಯಾ ಕಡೆಯ ಸೆಟಿಂಗ್

ರೆಪೊಸಿಟರಿಯ ಸೆಟಿಂಗ್ಸ್‌ನಲ್ಲಿ ವೆಬ್‌ಹುಕ್ಸ್ ತೆರೆದು 'ಗಿಟಿಯಾ' ಬಗೆಯದನ್ನು ಸೇರಿಸಿ. ವಿಳಾಸ 127.0.0.1, ಪೋರ್ಟ್ 9000. ವಿಧಾನ ಪೋಸ್ಟ್, ಬಗೆ ಜೇಸನ್. ಗುಟ್ಟಿನ ಪದ ಹಾಕಿ. ಪುಶ್ ಆದಾಗ ಮಾತ್ರ ಅಂತ ಆರಿಸಿ, ಬ್ರಾಂಚ್ ಫಿಲ್ಟರ್‌ನಲ್ಲಿ 'ಮೇನ್' ಬರೆದು ಉಳಿಸಿ. ಇನ್ನು ಪರೀಕ್ಷಾ ಸಂದೇಶ ಕಳಿಸುವ ಬಟನ್ ಒತ್ತಿ.

ಬಹಳ ಮಟ್ಟಿಗೆ ಸೋಲುತ್ತದೆ! ಗಾಬರಿ ಬೇಡ. ಗಿಟಿಯಾ ಮೊದಲಿನಿಂದಲೇ ಹೊರಗಿನ ವಿಳಾಸಗಳಿಗೆ ಮಾತ್ರ ವೆಬ್‌ಹುಕ್ ಕಳಿಸುತ್ತದೆ. ಯಾರೋ ಒಬ್ಬ ಬಳಕೆದಾರ ವೆಬ್‌ಹುಕ್ ನೆಪದಲ್ಲಿ ನಿಮ್ಮ ಒಳಗಿನ ನೆಟ್‌ವರ್ಕ್ ತಡಕಾಡಬಾರದು ಅಂತ ಈ ಬೇಲಿ. 'ಆ್ಯಪ್ ಡಾಟ್ ಐಎನ್‌ಐ' ಫೈಲ್‌ನ ವೆಬ್‌ಹುಕ್ ವಿಭಾಗದಲ್ಲಿ 'ಅಲೌಡ್_ಹೋಸ್ಟ್_ಲಿಸ್ಟ್' ಅನ್ನುವ ಸಾಲಿಗೆ 'ಲೂಪ್‌ಬ್ಯಾಕ್' ಅಂತ ಕೊಟ್ಟು ಗಿಟಿಯಾ ಮತ್ತೆ ಶುರು ಮಾಡಿ. ಕೇಳುವ ಪ್ರೋಗ್ರಾಂ ಪಕ್ಕದ ಕಂಪ್ಯೂಟರ್‌ನಲ್ಲಿದ್ದರೆ 'ಪ್ರೈವೇಟ್' ಅಂತ ಕೊಡಬೇಕು. ನಕ್ಷತ್ರ (*) ಹಾಕಿದರೂ ಕೆಲಸ ಆಗುತ್ತದೆ, ಆದರೆ ಅದು ಬೇಲಿಯನ್ನೇ ಕಿತ್ತು ಹಾಕಿದ ಹಾಗೆ. ಇನ್ನು ಗಿಟಿಯಾವನ್ನು ಡಾಕರ್‌ನಲ್ಲಿ ಓಡಿಸುವವರಿಗೆ: ಅಲ್ಲಿ 127.0.0.1 ಅಂದರೆ ಆ ಕಂಟೇನರ್ ಒಳಗಿನದೇ ವಿಳಾಸ, ನಿಮ್ಮ ಪೆಟ್ಟಿಗೆಯದಲ್ಲ.

ಅದೇ ಪುಟದ ಕೆಳಗೆ ಇತ್ತೀಚೆಗೆ ಕಳಿಸಿದ ಸಂದೇಶಗಳ ಪಟ್ಟಿ ಇರುತ್ತದೆ. ಏನು ಹೋಯಿತು, ಏನು ಉತ್ತರ ಬಂತು ಎಲ್ಲ ಕಾಣುತ್ತದೆ. ಅದನ್ನೇ ಮತ್ತೆ ಕಳಿಸಲೂ ಬಹುದು. ಲಾಗ್ ಹುಡುಕುವ ಮುಂಚೆ ಇಲ್ಲಿ ಕಣ್ಣಾಡಿಸಿ.

ಕೆಲಸಗಾರ ಸ್ಕ್ರಿಪ್ಟ್

ಸರದಿ ಫೋಲ್ಡರ್‌ನಲ್ಲಿ ಫೈಲ್ ಬಿದ್ದದ್ದನ್ನು ನೋಡಿ ಕೆಲಸಗಾರನನ್ನು ಎಬ್ಬಿಸಲು ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್-ಡಿಯಲ್ಲೇ ವ್ಯವಸ್ಥೆ ಇದೆ. 'ಪಾತ್' ಬಗೆಯ ಯೂನಿಟ್ ಬರೆದು, 'ಡೈರೆಕ್ಟರಿನಾಟ್‌ಎಂಪ್ಟಿ' ಅನ್ನುವ ಸಾಲಿನಲ್ಲಿ ಆ ಫೋಲ್ಡರ್ ಕೊಡಿ. ಫೋಲ್ಡರ್ ಖಾಲಿ ಇಲ್ಲದಿದ್ದರೆ ಸರ್ವಿಸ್ ಓಡುತ್ತದೆ. ಓಡುತ್ತಿರುವಾಗ ಅದೇ ಸರ್ವಿಸ್ ಎರಡನೇ ಸಲ ಶುರುವಾಗುವುದಿಲ್ಲ. ಇಬ್ಬರು ಒಟ್ಟಿಗೆ ಪುಶ್ ಮಾಡಿದರೂ ಸ್ಕ್ರಿಪ್ಟ್‌ಗಳು ಒಂದರ ಕಾಲು ಒಂದು ತುಳಿಯುವುದಿಲ್ಲ.

ಸ್ಕ್ರಿಪ್ಟ್‌ನ ಮೊದಲ ಸಾಲಿನ ಕೆಲಸ ಸರದಿಯ ಫೈಲ್‌ಗಳನ್ನು ಅಳಿಸುವುದು. ಕೊನೆಯಲ್ಲಲ್ಲ, ಮೊದಲು. ಕೊನೆಗೆ ಅಳಿಸಿದರೆ ಏನಾಗುತ್ತದೆ ನೋಡಿ: ಸ್ಕ್ರಿಪ್ಟ್ ಅರ್ಧ ದಾರಿಯಲ್ಲಿರುವಾಗ ಇನ್ನೊಂದು ಗಂಟೆ ಬಾರಿಸಿತು ಅನ್ನಿ. ಆ ಫೈಲ್ ಕೂಡ ಕೊನೆಗೆ ಅಳಿಸಿಹೋಗುತ್ತದೆ, ಹೊಸ ಪುಶ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲೇ ಅಳಿಸಿದರೆ ನಡುವೆ ಬಂದ ಗಂಟೆ ಫೋಲ್ಡರ್‌ನಲ್ಲೇ ಉಳಿದು ಇನ್ನೊಂದು ಸುತ್ತು ಓಡಿಸುತ್ತದೆ. ಅಳಿಸಲು ಕೆಲಸಗಾರನಿಗೂ ಆ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಬೇಕು. ಇಬ್ಬರನ್ನೂ ಒಂದೇ ಗ್ರೂಪ್‌ಗೆ ಹಾಕಿ ಹಕ್ಕು ಕೊಡಿ.

ಆಮೇಲೆ 'ಗಿಟ್ ಫೆಚ್', ಅಂದರೆ ಸರ್ವರ್‌ನಿಂದ ಹೊಸ ಕಮಿಟ್‌ಗಳನ್ನು ತರುವುದು. ರೆಪೊಸಿಟರಿಗೆ ಓದಲು ಮಾತ್ರ ಹಕ್ಕಿರುವ ಡಿಪ್ಲಾಯ್ ಕೀ (ಆ ಒಂದು ರೆಪೊಸಿಟರಿಯ ಕೀಲಿ) ಕೊಟ್ಟಿದ್ದೇನೆ. ಮೇನ್ ಬ್ರಾಂಚ್‌ನ ತುದಿಯ ಕಮಿಟ್ ಯಾವುದು ಅಂತ ನೋಡಿ, ಹಿಂದಿನ ಸಲ ನೋಡಿದ ಕಮಿಟ್ ಜೊತೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಸುಮ್ನೆ ಮಲಗುತ್ತದೆ. ಬೇರೆಯಾದರೆ ಎಲ್ಲ ಫೈಲ್‌ಗಳನ್ನೂ ತಪಾಸಣೆ ಮಾಡುತ್ತದೆ. ಬದಲಾದದ್ದನ್ನು ಮಾತ್ರ ನೋಡುವ ಜಾಣತನ ಬೇಡ ಅಂತ ಬಿಟ್ಟೆ. ಇರುವುದೆಲ್ಲ ಚಿಕ್ಕ ಅಕ್ಷರದ ಫೈಲ್‌ಗಳು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ತಪಾಸಣೆ: ಇಲ್ಲಿ ಮಾತ್ರ ನಿಮ್ಮ ಕಸುಬು ಬೇಕು

ನಮ್ಮ ಲೇತ್‌ಗಳಲ್ಲಿ ಫ್ಯಾನುಕ್ ಕಂಟ್ರೋಲ್ ಇದೆ. ಪ್ರೋಗ್ರಾಂ ಶೇಕಡಾ ಚಿಹ್ನೆಯಿಂದ ಶುರುವಾಗಿ ಅದರಿಂದಲೇ ಮುಗಿಯಬೇಕು. ಮೊದಲು 'ಓ' ಅಕ್ಷರ ಮತ್ತು ನಂಬರ್, ಕೊನೆಗೆ ಎಂ30 (ಪ್ರೋಗ್ರಾಂ ಮುಗಿಯಿತು ಅನ್ನುವ ಆದೇಶ). ಒಂದೇ ಮಷಿನ್‌ನ ಫೋಲ್ಡರ್‌ನಲ್ಲಿ ಒಂದೇ ನಂಬರಿನ ಎರಡು ಫೈಲ್ ಇರಬಾರದು. ಇವೆಲ್ಲ ಹತ್ತು ಸಾಲಿನ ಸ್ಕ್ರಿಪ್ಟ್.

ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಇನ್ನೊಂದು ತಪಾಸಣೆ. ಜಿ96 ಹಾಕಿದರೆ ಲೇತ್ ಕಟಿಂಗ್ ಸ್ಪೀಡ್ ಅನ್ನು ಒಂದೇ ಸಮನೆ ಇಡುತ್ತದೆ. ವ್ಯಾಸ ಕಡಿಮೆಯಾದಂತೆ ಸ್ಪಿಂಡಲ್ ಜೋರಾಗುತ್ತದೆ. ನಿಮಿಷಕ್ಕೆ 200 ಮೀಟರ್ ಅಂತ ಕೊಟ್ಟರೆ 100 ಮಿ.ಮೀ. ವ್ಯಾಸದಲ್ಲಿ ಸುಮಾರು 637 ಆರ್‌ಪಿಎಂ. 20 ಮಿ.ಮೀ.ಗೆ ಬಂದಾಗ 3183. ಫೇಸಿಂಗ್ ಮಾಡುತ್ತಾ 5 ಮಿ.ಮೀ.ಗೆ ಬಂದರೆ ಲೆಕ್ಕದ ಪ್ರಕಾರ 12,732! ಅಷ್ಟು ಹೋಗಲು ಆಗದಿದ್ದರೂ ಮಷಿನ್ ತನ್ನ ಕೊನೆಯ ಮಿತಿಯವರೆಗೆ ಓಡುತ್ತದೆ. ಚಕ್‌ನಲ್ಲಿ ದೊಡ್ಡ ಎರಕದ ಪೀಸ್ ಇದ್ದರೆ ಹಿಡಿತ ಬಿಟ್ಟು ಹಾರಬಹುದು. ಅದಕ್ಕೇ ಮುಂಚೆಯೇ ಜಿ50 ಜೊತೆ ಎಸ್ ಕೊಟ್ಟು ಸ್ಪೀಡ್‌ಗೆ ಮೇಲಿನ ಮಿತಿ ಹಾಕಬೇಕು. ಸ್ಕ್ರಿಪ್ಟ್ ನೋಡುವುದು ಇಷ್ಟೇ: ಲೇತ್ ಫೋಲ್ಡರ್‌ನ ಫೈಲ್‌ನಲ್ಲಿ ಜಿ96 ಇದ್ದು, ಅದಕ್ಕಿಂತ ಮೇಲೆ ಜಿ50 ಎಸ್ ಇಲ್ಲದಿದ್ದರೆ ಫೇಲ್. ಆವರಣದೊಳಗಿನ ಕಾಮೆಂಟ್‌ಗಳನ್ನು ಮೊದಲು ತೆಗೆದು ಹಾಕಿ ನೋಡಬೇಕು, ಇಲ್ಲದಿದ್ದರೆ ಕಾಮೆಂಟ್‌ನಲ್ಲಿ ಬರೆದ ಜಿ50 ನಂಬಿ ಮೋಸ ಹೋಗುತ್ತೀರಿ. ವಿಎಂಸಿಯಲ್ಲಿ ಜಿ50ಕ್ಕೆ ಬೇರೆಯೇ ಅರ್ಥ, ಅದಕ್ಕೆ ಈ ನಿಯಮ ಬೇಡ. ಇದು ಆಪರೇಟರ್‌ನ ಡ್ರೈ ರನ್‌ಗೆ (ಪೀಸ್ ಕತ್ತರಿಸದೆ ಓಡಿಸಿ ನೋಡುವುದಕ್ಕೆ) ಬದಲಿ ಅಲ್ಲ, ಇದನ್ನು ಶಾಪ್‌ನಲ್ಲಿ ಎಲ್ಲರಿಗೂ ಬಾಯಿಬಿಟ್ಟು ಹೇಳಿದ್ದೇನೆ.

ಒಂದು ಫೈಲ್ ಫೇಲ್ ಆದರೂ ಯಾವುದನ್ನೂ ಹಂಚುವುದಿಲ್ಲ. ಹಳೆಯದೆಲ್ಲ ಹಾಗೇ ಇರುತ್ತದೆ.

ಹಂಚುವುದು

ಎಲ್ಲ ಪಾಸಾದರೆ ಕಮಿಟ್ ಹೆಸರಿನ ಹೊಸ ಫೋಲ್ಡರ್ ಮಾಡಿ ಫೈಲ್‌ಗಳನ್ನು ಅದರಲ್ಲಿ ತುಂಬುತ್ತದೆ. ತುಂಬುವಾಗ ಪ್ರತಿ ಪ್ರೋಗ್ರಾಂನ 'ಓ' ಸಾಲಿನ ಕೆಳಗೆ ಆವರಣದಲ್ಲಿ ಒಂದು ಕಾಮೆಂಟ್ ಸೇರಿಸುತ್ತದೆ: ಆ ಫೈಲನ್ನು ಕೊನೆಗೆ ಮುಟ್ಟಿದ ಕಮಿಟ್‌ನ ಮೊದಲ ಎಂಟು ಅಕ್ಷರ, ದೊಡ್ಡಕ್ಷರದಲ್ಲಿ. ಅದು ಮಷಿನ್ ಸ್ಕ್ರೀನ್ ಮೇಲೆ ಕಾಣುತ್ತದೆ. ಈಗ ರಾತ್ರಿ ಒಂಬತ್ತಕ್ಕೆ ಫೋನ್ ಬಂದರೆ ಮಾತು ಹೀಗಿರುತ್ತದೆ: "ಸಾಹೇಬ್ರ, ಎ ತ್ರೀ ಎಫ್ ನೈನ್ ಅಂತ ತೋರಸಾಕತ್ತೈತ್ರಿ, ಇದ ಹೊಸಾದ ಹೌದಲ್ರಿ?" ನಾನು ಮೊಬೈಲ್‌ನಲ್ಲಿ ಗಿಟಿಯಾ ತೆರೆದು ನೋಡಿ ಹೌದು, ಅಲ್ಲ ಅನ್ನುತ್ತೇನೆ.

ಈ ಗುರುತನ್ನು ಹಂಚುವ ಕಾಪಿಯಲ್ಲಿ ಮಾತ್ರ ಹಾಕಿ. ಸ್ಕ್ರಿಪ್ಟ್ ಅದನ್ನು ರೆಪೊಸಿಟರಿಗೆ ವಾಪಸ್ ಪುಶ್ ಮಾಡಿದರೆ ಮತ್ತೆ ಗಂಟೆ ಬಾರಿಸುತ್ತದೆ, ಮತ್ತೆ ಸ್ಕ್ರಿಪ್ಟ್, ಮತ್ತೆ ಪುಶ್. ಗಾಣದ ಎತ್ತು ತಿರುಗಿದ ಹಾಗೆ ತಿರುಗುತ್ತಲೇ ಇರುತ್ತದೆ.

ಕೊನೆಗೆ 'ಚಾಲ್ತಿ' ಅನ್ನುವ ಲಿಂಕ್ ಅನ್ನು ಹೊಸ ಫೋಲ್ಡರ್ ಕಡೆ ತಿರುಗಿಸಬೇಕು. ಹೊಸ ಲಿಂಕ್ ಅನ್ನು ಬೇರೆ ಹೆಸರಲ್ಲಿ ಮಾಡಿ, 'ಎಂವಿ -ಟಿ' ಕಮಾಂಡ್‌ನಿಂದ ಹಳೆಯದರ ಮೇಲೆ ಹಾಕಿ. ಒಂದೇ ಏಟಿಗೆ ಬದಲಾಗುತ್ತದೆ. ಅರ್ಧ ಕಾಪಿಯಾದ ಪ್ರೋಗ್ರಾಂ ಯಾರಿಗೂ ಸಿಗುವುದಿಲ್ಲ. ಶಾಪ್‌ನ ವಿಂಡೋಸ್ ಕಂಪ್ಯೂಟರ್‌ಗೆ ಇದನ್ನು ಸಾಂಬಾ (ಲಿನಕ್ಸ್ ಫೋಲ್ಡರ್‌ಗಳನ್ನು ವಿಂಡೋಸ್‌ಗೆ ತೋರಿಸುವ ಸಾಫ್ಟ್‌ವೇರ್) ಮೂಲಕ ಓದಲು ಮಾತ್ರ ಕೊಟ್ಟಿದ್ದೇನೆ. ಲಿಂಕ್ ತೋರಿಸುವ ಫೋಲ್ಡರ್‌ಗಳು ಅದೇ ಶೇರ್ ಒಳಗೇ ಇರಲಿ. ಹೊರಗಿದ್ದರೆ ಸಾಂಬಾ ಮೊದಲಿನ ಸೆಟಿಂಗ್‌ನಲ್ಲಿ ತೆರೆಯಲು ಬಿಡುವುದಿಲ್ಲ.

ಫಲಿತಾಂಶ ಹೇಳುವುದು

ಫೇಲ್ ಆದದ್ದು ಲಾಗ್‌ನಲ್ಲೇ ಕೂತರೆ ಯಾರೂ ನೋಡುವುದಿಲ್ಲ. ಗಿಟಿಯಾದ ಎಪಿಐನಲ್ಲಿ (ಬೇರೆ ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ಬಾಗಿಲು) ಪ್ರತಿ ಕಮಿಟ್‌ಗೂ ಸ್ಥಿತಿ ಬರೆಯಬಹುದು: ಪೆಂಡಿಂಗ್, ಸಕ್ಸೆಸ್, ಎರರ್, ಫೇಲ್ಯೂರ್. ಬರೆದರೆ ಕಮಿಟ್ ಪಕ್ಕ ಹಸಿರು ಅಥವಾ ಕೆಂಪು ಗುರುತು ಬೀಳುತ್ತದೆ. ಇದಕ್ಕೆ ಒಬ್ಬ ಬೇರೆ ಬಳಕೆದಾರನನ್ನು ಮಾಡಿ, ಈ ಒಂದು ರೆಪೊಸಿಟರಿಗೆ ಮಾತ್ರ ಸೇರಿಸಿ, ಅವನ ಹೆಸರಲ್ಲಿ ಟೋಕನ್ (ಪಾಸ್‌ವರ್ಡ್ ಬದಲು ಸ್ಕ್ರಿಪ್ಟ್ ತೋರಿಸುವ ಕೀಲಿ) ತೆಗೆದುಕೊಳ್ಳಿ. ನಿಮ್ಮ ಅಡ್ಮಿನ್ ಟೋಕನ್ ಖಂಡಿತ ಬೇಡ. ಟೋಕನ್ ಇಟ್ಟ ಫೈಲ್‌ಗೆ 600 ಹಕ್ಕು (ಅದರ ಒಡೆಯ ಯೂಸರ್ ಮಾತ್ರ ಓದಿ ಬರೆಯಬಹುದು) ಕೊಡಿ, ಸ್ಕ್ರಿಪ್ಟ್ ಒಳಗೆ ಬರೆಯಬೇಡಿ, ಸ್ಕ್ರಿಪ್ಟ್ ಹೇಗೂ ಒಂದು ದಿನ ಗಿಟ್‌ಗೆ ಹೋಗುತ್ತದೆ. ಎಪಿಐನ ಪೂರ್ತಿ ಪಟ್ಟಿ ನಿಮ್ಮ ಗಿಟಿಯಾದಲ್ಲೇ 'ಎಪಿಐ/ಸ್ವ್ಯಾಗರ್' ಪುಟದಲ್ಲಿ ಸಿಗುತ್ತದೆ.

ವಿವರದ ಜಾಗದಲ್ಲಿ ಕನ್ನಡವೇ ಬರೆಯಬಹುದು. ನಮ್ಮಲ್ಲಿ 'ಲೇತ್ 2, ಓ1042: ಜಿ96 ಇದೆ, ಜಿ50 ಇಲ್ಲ' ಅಂತ ಬರುತ್ತದೆ. ಪ್ರೋಗ್ರಾಂ ಬರೆಯುವ ಅಣ್ಣ ನನ್ನನ್ನು ಕೇಳದೆ ತಾನೇ ತಿದ್ದುತ್ತಾನೆ.

ಸ್ಥಿತಿ ಬರೆದಾದ ಮೇಲೆ, ಎಲ್ಲಕ್ಕಿಂತ ಕೊನೆಗೆ, 'ಈ ಕಮಿಟ್ ನೋಡಿದೆ' ಅಂತ ಗುರುತು ಹಾಕಿಕೊಳ್ಳಬೇಕು. ತಪಾಸಣೆ ಫೇಲ್ ಆದರೂ ಹಾಕಬೇಕು, ಅದು ಮುಗಿದ ಕೆಲಸವೇ. ಆದರೆ ಡಿಸ್ಕ್ ತುಂಬಿಯೋ ಎಪಿಐ ಉತ್ತರ ಕೊಡದೆಯೋ ನಿಂತಿದ್ದರೆ ಹಾಕಬಾರದು, ಮುಂದಿನ ಸುತ್ತಿನಲ್ಲಿ ಮತ್ತೆ ಪ್ರಯತ್ನವಾಗಲಿ.

ಗಂಟೆ ಬಾರಿಸದೇ ಹೋದರೆ

ಕೇಳುವ ಪ್ರೋಗ್ರಾಂ ಮಲಗಿದ್ದಾಗ ಪುಶ್ ಬಂದರೆ ಆ ಸಂದೇಶ ಹೋಯಿತು. ಗಿಟಿಯಾ ಮತ್ತೆ ಕಳಿಸುತ್ತದೆ ಅಂತ ಕಾಯಬೇಡಿ. ಸಿಸ್ಟಮ್-ಡಿ ಟೈಮರ್ ಒಂದನ್ನು ಇಟ್ಟು, ಪೆಟ್ಟಿಗೆ ಆನ್ ಆದ ಎರಡು ನಿಮಿಷಕ್ಕೆ ಒಮ್ಮೆ, ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಅದೇ ಕೆಲಸಗಾರ ಸರ್ವಿಸ್ ಓಡಿಸಿ. ಸ್ಕ್ರಿಪ್ಟ್ ಸಂದೇಶ ಓದುವುದೇ ಇಲ್ಲವಲ್ಲ, ಹಾಗಾಗಿ ಅದಕ್ಕೆ ಗಂಟೆ ಆದರೇನು ಗಡಿಯಾರ ಆದರೇನು. ಒಂದು ಅಕ್ಷರವೂ ಬದಲಿಸಬೇಕಿಲ್ಲ.

ಜನರ ಕೈಗೆ ಕೊಡುವ ಮುಂಚೆ ನಾಲ್ಕು ತಂಟೆ ಮಾಡಿ ನೋಡಿ. ಗುಟ್ಟಿನ ಪದ ಬೇಕಂತಲೇ ತಪ್ಪಾಗಿ ಹಾಕಿ, ಸರದಿಯಲ್ಲಿ ಏನೂ ಬೀಳಬಾರದು. ಎರಡು ಪುಶ್ ಬೆನ್ನಿಗೆ ಬೆನ್ನಿಗೆ ಮಾಡಿ, ಕೊನೆಯದೇ ಚಾಲ್ತಿಯಲ್ಲಿರಬೇಕು. ಎಂ30 ಅಳಿಸಿ ಪುಶ್ ಮಾಡಿ, ಕೆಂಪು ಬರಬೇಕು, ಹಳೇ ಫೈಲ್ ಹಾಗೇ ಇರಬೇಕು. ಕೇಳುವ ಪ್ರೋಗ್ರಾಂ ನಿಲ್ಲಿಸಿ ಪುಶ್ ಮಾಡಿ ಒಂದು ಚಹಾ ಕುಡಿದು ಬನ್ನಿ. ಹದಿನೈದು ನಿಮಿಷದೊಳಗೆ ಹೊಸದು ತಾನಾಗಿ ಬಂದಿರಬೇಕು. ಏನು ನಡೆಯುತ್ತಿದೆ ಅಂತ 'ಜರ್ನಲ್‌ಸಿಟಿಎಲ್ -ಎಫ್' ಹಾಕಿಕೊಂಡು ಪಕ್ಕದಲ್ಲಿ ನೋಡುತ್ತಿರಿ.

ಬ್ಯಾಕಪ್‌ಗೆ 'ಗಿಟಿಯಾ ಡಂಪ್' ಕಮಾಂಡ್ ಇದೆ. ರೆಪೊಸಿಟರಿ, ಡೇಟಾಬೇಸ್, ಸೆಟಿಂಗ್ ಎಲ್ಲ ಸೇರಿಸಿ ಒಂದು ಜಿಪ್ ಮಾಡಿಕೊಡುತ್ತದೆ. ನಾನು ರಾತ್ರಿ ಒಮ್ಮೆ ತೆಗೆದು ಆಫೀಸ್‌ನ ಇನ್ನೊಂದು ಕಂಪ್ಯೂಟರ್‌ಗೆ ಕಳಿಸುತ್ತೇನೆ. ಶನಿವಾರ ಒಂದು ಪೆನ್‌ಡ್ರೈವ್‌ಗೂ ಹಾಕಿ ಮಾಲೀಕರ ಮನೆಗೆ ಕೊಡುತ್ತೇನೆ. ಹಳೇ ಪೆನ್‌ಡ್ರೈವ್‌ಗೆ ಈಗ ಉಳಿದಿರುವ ಕೆಲಸ ಅದೊಂದೇ.